ಖಾಲಿ ಬ್ಯಾರನ್ನಿನ ಸಂಘಮಿತ್ರಕ್ಕ

ಮೊದಲಿಗೆ ನನ್ನ ಅಕ್ಷರಕ್ಕಾಗಿ ಕ್ಷಮೆ ಕೇಳುತ್ತೇನೆ. ಒಂಬತ್ತನೇ ತರಗತಿಯ ನಂತರ ನಾನು ಪೆನ್ನು ಹಿಡಿದದ್ದು ಕಡಿಮೆ. ಒತ್ತಕ್ಷರಗಳು ಒಂದರ ಕಾಲಿಗೆ ಇನ್ನೊಂದು ತೊಡರಿಕೊಂಡು ಸಾಲಿನಿಂದ ಕೆಳಗೆ ಜಾರುತ್ತವೆ. ಮಾತುಗಳೂ ಹಾಗೆಯೇ, ಮನಸ್ಸಿನಲ್ಲಿದ್ದಷ್ಟು ತುಂಬಿಕೊಂಡು ಕಾಗದಕ್ಕೆ ಬರುವುದಿಲ್ಲ. ಆದರೂ ಬರೆಯುತ್ತಿದ್ದೇನೆ. ಏಕೆಂದರೆ ಸಂಘಮಿತ್ರಕ್ಕನ ಸಂಗೀತ ತಂಡದ ಆಲ್ಬಮ್ಮಿನ ಬಗ್ಗೆ ಬರೆದವರು ಹಲವರಿದ್ದಾರೆ. ಅವಳು ಬಾಗಿಲು ಬಡಿಯುವ ರೀತಿಯನ್ನು ಮಾತ್ರ ಯಾರೂ ಬರೆದಿಲ್ಲ.

ಸಂಘಮಿತ್ರಕ್ಕ ಯಾವುದನ್ನೇ ಆಗಲಿ ಮೊದಲು ಬಡಿದು, ಆಮೇಲೆ ಬಳಸುತ್ತಾಳೆ. ಕೂರುವ ಮೊದಲು ಕುರ್ಚಿಯನ್ನು, ಕುಡಿಯುವ ಮೊದಲು ಲೋಟವನ್ನು, ಹತ್ತುವ ಮೊದಲು ಬಸ್ಸಿನ ಕಂಬಿಯನ್ನು ಮಧ್ಯದ ಬೆರಳಿನ ಗಂಟಿನಿಂದ ಮೆಲ್ಲಗೆ ಒಮ್ಮೆ ತಟ್ಟಿ, ತಲೆಯನ್ನು ಬಲಕ್ಕೆ ವಾಲಿಸಿ, ಕಣ್ಣು ಮುಚ್ಚಿ, ಹೊರಟ ಸದ್ದು ಎಲ್ಲಿಯವರೆಗೆ ಹೋಗಿ ಸಾಯುತ್ತದೋ ಅಲ್ಲಿಯವರೆಗೆ ಅದರ ಜೊತೆಗೇ ಹೋಗಿ, ಮತ್ತೆ ಹಿಂದಿರುಗುತ್ತಾಳೆ. ಹಿಂದಿರುಗಿದ ಮೇಲೆ ಎದುರಿಗಿದ್ದವರನ್ನು ಕೇಳುವ ಮಾತು ಒಂದೇ: "ಕೇಳುಸ್ತಾ?" ಕೇಳಿಸಿತು ಎಂದರೂ ಇಲ್ಲ ಎಂದರೂ ಅವಳ ಮುಖದಲ್ಲಿ ಅದೇ ನಗು. ಒಮ್ಮೆ ನಮ್ಮ ಎಮ್ಮೆಯ ಹೊಟ್ಟೆಯನ್ನೂ ಹಾಗೆ ತಟ್ಟಿ ನೋಡಿದಳು. ಎಮ್ಮೆ ತಿರುಗಿ ನೋಡಿತು, ಒದೆಯಲಿಲ್ಲ.

ಅವಳ ನಡಿಗೆಯೂ ವಿಚಿತ್ರ. ರಸ್ತೆ ಮಲಗಿದೆ, ಎಚ್ಚರವಾದೀತು ಎನ್ನುವ ಹಾಗೆ ಹಿಮ್ಮಡಿ ಊರದೆ ಬರುತ್ತಾಳೆ. ಮೈಮೇಲೆ ಯಾವಾಗಲೂ ಬೈಲಕುಪ್ಪೆಯ ಟಿಬೆಟಿನವರ ಅಂಗಡಿಯಲ್ಲಿ ಕೊಂಡ, ಒಣಗಿದ ದಾಳಿಂಬೆ ಸಿಪ್ಪೆಯ ಬಣ್ಣದ ಉದ್ದ ಕೋಟು. ಅದರ ತೋಳು ಬೆರಳ ತುದಿಯವರೆಗೂ ಇಳಿಯುತ್ತದೆ. ಒಳಜೇಬಿನಲ್ಲಿ ತಮಟೆಯ ಕಡ್ಡಿಗಳು. ಬಿಸಿಲಿಗೂ ಅದೇ ಕೋಟು, ಮಳೆಗೂ ಅದೇ. ಹುಣಸೂರಿನ ಬಸ್ ನಿಲ್ದಾಣದ ಹತ್ತಿರ ಸಿದ್ದಮಲ್ಲಪ್ಪ ಎಂಬವರ ಪಾತ್ರೆ ಅಂಗಡಿಯಲ್ಲಿ ಅವಳಿಗೆ ಕೆಲಸ. ಅಲ್ಲಿ ಅವಳ ಬೆರಳಿಗೆ ಬಿಡುವೇ ಇಲ್ಲವೆಂದು ಬೇರೆ ಹೇಳಬೇಕಾಗಿಲ್ಲ. "ಗಿರಾಕಿಗಳು ಪಾತ್ರೆ ತಕ್ಕಳಕೆ ಬತ್ತಾರೆ ಕಣಮ್ಮ, ಕಚೇರಿ ಕೇಳಕಲ್ಲ" ಎಂದು ಸಿದ್ದಮಲ್ಲಪ್ಪನವರು ಗೊಣಗುತ್ತಿದ್ದರಂತೆ. ಅವಳು ಒಂದು ದಿನ ರಜೆ ಹಾಕಿದರೆ ಮಾತ್ರ, ಅಂಗಡಿ ಮೂಕವಾಗಿದೆ ಎಂದು ಫೋನು ಮಾಡುತ್ತಿದ್ದವರೂ ಅವರೇ.

ಗಾವಡಗೆರೆಯ ನಮ್ಮ ಮನೆಗೆ ಅವಳು ಬಂದದ್ದು ಆ ಅಂಗಡಿಯ ಹಂಡೆಯೊಂದನ್ನು ಆಟೋದಲ್ಲಿ ತಲುಪಿಸಲು. ಹಂಡೆ ಇಳಿಸಿ, ಹೋಗುವ ದಾರಿಯಲ್ಲಿ, ಹಿತ್ತಿಲ ಬ್ಯಾರನ್ನಿನ ಗೋಡೆಯನ್ನು ತಟ್ಟಿದಳು. ಬ್ಯಾರನ್ ಎಂದರೆ ನಮ್ಮ ಕಡೆ ಹೊಗೆಸೊಪ್ಪನ್ನು ಹದ ಮಾಡುವ ಕಟ್ಟಡ: ಎತ್ತರದ ದಪ್ಪ ಗೋಡೆ, ಒಳಗೆ ಸೊಪ್ಪಿನ ಕಡ್ಡಿ ಸಾಲಿಡಲು ಅಡ್ಡಗಳುಗಳು, ನೆಲದ ಮೇಲೆ ಬಿಸಿ ಹರಿಯುವ ತಗಡಿನ ಕೊಳವೆಗಳು, ಹೊರಗೆ ಒಲೆಯ ಬಾಯಿ. ಸೊಪ್ಪಿನ ಕಾಲ ಮುಗಿದರೆ ಉಳಿದ ತಿಂಗಳೆಲ್ಲ ಅದು ಖಾಲಿ. ಆದರೂ ಹೋದ ವರ್ಷದ ಸೊಪ್ಪಿನ ವಾಸನೆ, ಸ್ವಲ್ಪ ಜೇನಿನಂತೆ, ಸ್ವಲ್ಪ ಹಳೆಯ ಕಂಬಳಿಯಂತೆ, ಒಳಗೇ ನಿಂತಿರುತ್ತದೆ.

"ಯಾರದು ನಮ್ ಬ್ಯಾರನ್ ಬಡೀತಿರೋದು?" ಎಂದು ಜಗಲಿಯಿಂದ ನನ್ನ ತಾತ ಗುರುಮಲ್ಲಪ್ಪ ಕೂಗಿದರು.

"ನಾನು ಕಣ್ ಯಜಮಾನ್ರೇ. ನಿಮ್ ಗೋಡೆ ಚೆನ್ನಾಗ್ ಮಾತಾಡ್ತದೆ. ಸೊಪ್ಪಿಲ್ದಾಗ ಒಂದಷ್ಟು ದಿನ ನಮಗ್ ಕೊಡ್ತೀರಾ?"

"ಏನ್ ಮಾಡಕ್ಕವ್ವ?"

"ಹಾಡ್ ಮಾಡಕೆ."

"ಬ್ಯಾರನ್ನಲ್ಲಿ ಹಾಡಾ? ಇಲಿ ಬುಟ್ರೆ ಕೇಳೋರ್ ಯಾರವ್ರೆ ಅಲ್ಲಿ?"

"ಇಲಿಗೂ ಕಿವಿ ಅದಲ್ಲ" ಎಂದಳು. ತಾತನಿಗೆ ನಗು ಬಂತು. ಯಾವ ವಾದ್ಯ ಎಂದು ಕೇಳಿದರು. ಗಿಟಾರು ಎಂದಳು, ತಮಟೆ ಎಂದಳು. ತಮಟೆ ಎಂದಾಗ ತಾತ ಬಾಯಲ್ಲಿದ್ದ ಅಡಿಕೆಯನ್ನು ಅಗಿಯುವುದು ನಿಲ್ಲಿಸಿದರು. "ಸರಿ ಬುಡು, ಬ್ಯಾರನ್ ತಾನೆ, ದೇವ್ರಮನೆ ಅಲ್ವಲ್ಲ" ಎಂದು ಕೊನೆಗೆ ಹೇಳಿದರು. ಆ ಮಾತು ನನಗೆ ಚುಚ್ಚಿತು. ಅವಳಿಗೆ ಚುಚ್ಚಿತೋ ಇಲ್ಲವೋ ತಿಳಿಯಲಿಲ್ಲ. ಜಗಲಿಯ ಕಂಬವನ್ನು ಒಮ್ಮೆ ತಟ್ಟಿ, ಕೇಳಿಸಿಕೊಂಡು, ಹೊರಟುಹೋದಳು.

ಹೋದ ವರ್ಷದ ಮುಂಗಾರಿನ ಜಿಟಿಜಿಟಿ ಶುರುವಾದಾಗ ಅವರು ಮೂವರೂ ಬಂದರು. ಪಿರಿಯಾಪಟ್ಟಣದ ಸುನೀಲ್‌ಕುಮಾರ್ ಮದುವೆ ಆರ್ಕೆಸ್ಟ್ರಾಗಳಲ್ಲಿ ಸಿನಿಮಾ ಹಾಡಿಗೆ ಗಿಟಾರು ನುಡಿಸಿ ಬೇಸತ್ತವನು. ಕೆ.ಆರ್. ನಗರದ ಕಿರಣ್‌ಕುಮಾರ್ ಮೈಕ್‌ಸೆಟ್ಟಿನವನು. ಲ್ಯಾಪ್‌ಟಾಪನ್ನು ಮಗುವಿನಂತೆ ಟವೆಲಿನಲ್ಲಿ ಸುತ್ತಿ ತಂದಿದ್ದ. ತಂಡಕ್ಕೆ ಅಲ್ಲಿಯವರೆಗೆ ಹೆಸರಿರಲಿಲ್ಲ. ಮೊದಲ ದಿನವೇ ಅದಕ್ಕೆ 'ಖಾಲಿ ಬ್ಯಾರನ್' ಎಂದು ಹೆಸರಾಯಿತು. ಅವರ ಹಾಡುಗಳಿಗೆ ಪದಗಳಿರಲಿಲ್ಲ, ಪಲ್ಲವಿ ಇರಲಿಲ್ಲ. ಕಿರಣ್‌ಕುಮಾರ್ ತಗಡಿನ ಕೊಳವೆಯೊಳಗೆ ಮೈಕು ತೂರಿಸಿದ. ಸುನೀಲ್‌ಕುಮಾರ್ ಗಿಟಾರಿನ ತಂತಿಯ ಮೇಲೆ ತೆಂಗಿನ ಕಡ್ಡಿ ಎಳೆದ. ಗೋಡೆಯ ಮಾರ್ದನಿ ಜಾಸ್ತಿಯಾದಾಗ ಸಂಘಮಿತ್ರಕ್ಕ ತನ್ನ ಕೋಟನ್ನು ಬಿಚ್ಚಿ ಅಡ್ಡಗಳುವಿಗೆ ನೇತುಹಾಕಿದಳು. "ಈ ಗೋಡೆಗೆ ಬಾಯಿ ಜಾಸ್ತಿ. ಕೋಟು ಸುಮ್ನಿರ್ಸ್ತದೆ" ಎಂದಳು. ಅವಳು ಕೋಟು ಬಿಚ್ಚಿದ್ದನ್ನು ನಾನು ನೋಡಿದ್ದು ಅದೊಂದೇ ಕಾರಣಕ್ಕೆ.

ನನ್ನ ಕೆಲಸ ಟೀ ತಂದುಕೊಡುವುದು. ನನಗೆ ಹೊಸಬರ ಮುಂದೆ ಮಾತು ಹೊರಡುವುದಿಲ್ಲ. ಲೋಟ ಇಟ್ಟು ಬಾಗಿಲ ಹಿಂದೆ ನಿಲ್ಲುತ್ತಿದ್ದೆ. ಎರಡನೆಯ ದಿನ ಅವಳು ಬಂದು ನನ್ನ ಪಕ್ಕದಲ್ಲಿ ಗೋಡೆಗೊರಗಿ ಕೂತಳು. ನಾನು "ನೀವು" ಎಂದದ್ದಕ್ಕೆ, "ಅಕ್ಕ ಅನ್ನು, ರೀ-ಗೀ ಎಲ್ಲ ಬುಟ್ಬುಡು" ಎಂದಳು. ಆಮೇಲೆ, ಕೇಳದಿದ್ದರೂ, ತಮಟೆಯ ಕಥೆ ಹೇಳಿದಳು.

ತಮಟೆ ಅವಳ ತಾತ ಅಂಕಯ್ಯನವರದು. ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಅಂತರಸಂತೆಯಿಂದ ಕಾಕನಕೋಟೆ ಕಾಡಿನ ಕಡೆಗೆ ಹೋಗುವ ದಾರಿಯಲ್ಲಿ ಅವರ ಊರು. ಹಬ್ಬಕ್ಕೂ ತಮಟೆ ಉಂಟು, ನಿಜ. ಆದರೆ ಹಬ್ಬ ವರ್ಷಕ್ಕೊಮ್ಮೆ, ಸಾವು ಆಗಾಗ. ಮೇಲಿನ ಕೇರಿಯಲ್ಲಿ ಯಾರು ತೀರಿಕೊಂಡರೂ ಅಂಕಯ್ಯ ಉಣ್ಣುವ ತಟ್ಟೆ ಬಿಟ್ಟು ಎದ್ದು ಹೋಗಿ ಬಡಿಯಬೇಕು. ಅವರ ಕೇರಿಯವರೆಲ್ಲ ಕೂತು ಇನ್ನು ಬಡಿಯುವುದಿಲ್ಲ ಎಂದು ತೀರ್ಮಾನ ಮಾಡಿದ ದಿನ ಅಂಕಯ್ಯ ತಮಟೆಯನ್ನು ಅಟ್ಟಕ್ಕೆ ಹಾಕಿದರು. ಆಮೇಲೆ ಹಬ್ಬಕ್ಕೂ ಇಳಿಸಲಿಲ್ಲ. ಅದನ್ನು ಇಳಿಸಿಕೊಂಡವಳು ಸಂಘಮಿತ್ರಕ್ಕ. ಆಗ ಅವರು ಹೇಳಿದ್ದು ಇಷ್ಟೇ: "ತಕ್ಕೋ. ಆದ್ರೆ ನನ್ ಕಿವಿಗ್ ಬೀಳ್ಬಾರ್ದು."

"ಅದ್ಕೇ ಕಣೇ ಇಷ್ಟ್ ದೂರ ಬಂದಿರೋದು" ಎಂದಳು ಅವಳು. "ನಂಗೆ ಇರೋದ್ ಒಂದೇ ಆಸೆ. ತಮಟೆ ಗೊತ್ತಿರೋರು, ಗೊತ್ತಿದ್ದೂವೆ, ಸದ್ದು ಕೇಳಿದ್ ತಕ್ಷಣ 'ಯಾರು ಸತ್ರು' ಅಂತ ಕೇಳ್ಬಾರ್ದು. ಒಬ್ರು ಸಿಕ್ಕುದ್ರೂ ಸಾಕು."

ಮಳೆಯ ತೇವಕ್ಕೆ ತಮಟೆಯ ಚರ್ಮ ಸಡಿಲವಾಗಿ, ಬಡಿದರೆ ಒದ್ದೆ ಗೋಣಿಯ ಸದ್ದು ಬರುತ್ತಿತ್ತು. ಹೊರಗೆ ಹುಲ್ಲು ಉರಿಸಿ ಕಾಯಿಸಿ ತಂದರೆ ಸ್ವಲ್ಪ ಹೊತ್ತು ಮಾತ್ರ ಬಿಗಿ. ಹಾಡು ಅರ್ಧಕ್ಕೇ ನಿಲ್ಲುತ್ತಿತ್ತು. ಆಗ ಅವಳು ನೆಲದ ಕೊಳವೆಯನ್ನು ತಟ್ಟಿ, ನನ್ನ ಕಡೆ ನೋಡಿ, "ಇದ್ರ ಒಲೆ ಹಚ್ಚುದ್ರೆ?" ಎಂದಳು. ಸೊಪ್ಪಿನ ಕಾಲದಲ್ಲಿ ಅಮ್ಮನ ಜೊತೆ ಬೆಂಕಿ ನೋಡಿಕೊಳ್ಳುವವಳು ನಾನೇ. ಬೆಂಕಿಯ ಮುಂದೆ ಮಾತಾಡಬೇಕಾಗಿಲ್ಲ. ಅದಕ್ಕೇ ನನಗೆ ಆ ಕೆಲಸ ಇಷ್ಟ. ಸೌದೆ ಒಟ್ಟಿದೆ, ಹಚ್ಚಿದೆ.

ಬ್ಯಾರನ್ನಿನ ಬಾಗಿಲಲ್ಲಿ ಒಳಗಿನ ಶಾಖ ನೋಡಲೆಂದು ಅಂಗೈಯಗಲದ ಗಾಜು ಇದೆ. ಸೌದೆ ತಳ್ಳಿ ಬಂದು ನಾನು ಅದರಲ್ಲಿ ಇಣುಕುತ್ತಿದ್ದೆ. ಒಳಗೆ ಒಂದೇ ಬಲ್ಬು. ಬಿಸಿಗಾಳಿಯಲ್ಲಿ ಎಲ್ಲವೂ ನೀರೊಳಗಿದ್ದಂತೆ ಅಲುಗುತ್ತಿತ್ತು. ಮೇಲೆ ನೇತುಬಿದ್ದ ಕೋಟು ತೋಳು ಬೀಸುತ್ತಿತ್ತು. ಕೆಳಗೆ ಅವಳು ಕಣ್ಣು ಮುಚ್ಚಿ, ತಮಟೆಯನ್ನು ಎದೆಗೆ ಆನಿಸಿಕೊಂಡು ಬಡಿಯುತ್ತಿದ್ದಳು.

"ಅಕ್ಕ, ನನ್ ಲ್ಯಾಪ್‌ಟಾಪ್ ಸೊಪ್ಪಲ್ಲ ಕಣಕ್ಕ, ಬೇಯಿಸ್ಬ್ಯಾಡ" ಎಂದು ಕಿರಣ್‌ಕುಮಾರ್ ಗೋಗರೆದ. ಸುನೀಲ್‌ಕುಮಾರನದು ಇನ್ನೂ ದೊಡ್ಡ ಕಷ್ಟ. ಕಾವು ಏರಿದಂತೆ ಚರ್ಮ ಒಣಗಿ ಬಿಗಿದು ತಮಟೆಯ ದನಿ ಮೇಲೇರುತ್ತಿತ್ತು. ಅದೇ ಕಾವಿಗೆ ಗಿಟಾರಿನ ತಂತಿ ಸಡಿಲಿ ಅದರ ದನಿ ಕೆಳಗಿಳಿಯುತ್ತಿತ್ತು. "ಶ್ರುತಿ ನಿಲ್ತಾ ಇಲ್ಲ ಕಣಕ್ಕ, ತಂತಿ ತಿರುಗುಸ್ಲಾ?" ಎಂದು ಅವನು ಮತ್ತೆ ಮತ್ತೆ ಕೇಳಿದ.

"ಮುಟ್ಬ್ಯಾಡ. ಅದು ಇಳೀಲಿ, ಇದು ಏರ್ಲಿ. ಎಲ್ಲೋ ಒಂದ್ಕಡೆ ಸಿಕ್ಕೇ ಸಿಗ್ತವೆ."

ಸಿಕ್ಕವು. ನಾನು ಗಾಜಿಗೆ ಹಣೆಯಿಟ್ಟು ನಿಂತಿದ್ದಾಗಲೇ ಅದು ಆಯಿತು. ಏರುತ್ತಿದ್ದ ದನಿಯೂ ಇಳಿಯುತ್ತಿದ್ದ ದನಿಯೂ, ಎದುರುಬದುರಾಗಿ ಬರುವ ಇಬ್ಬರು ಕಿರುದಾರಿಯಲ್ಲಿ ಮೈ ಸವರಿಕೊಂಡು ಹೋಗುವ ಹಾಗೆ, ಒಂದು ಉಸಿರಿನಷ್ಟು ಹೊತ್ತು ಒಂದೇ ಆಗಿ, ಮತ್ತೆ ಬೇರೆಯಾದವು. ಆ ಉಸಿರಿನಲ್ಲಿ ಗೋಡೆ, ಗಾಜು, ನನ್ನ ಹಲ್ಲು ಎಲ್ಲವೂ ನಡುಗಿದವು. ಅವಳು ಕಣ್ಣು ತೆರೆದು ಗಾಜಿನ ಕಡೆ ನೋಡಿದಳು. ಸದ್ದಿರಲಿಲ್ಲ, ತುಟಿ ಮಾತ್ರ ಆಡಿತು: ಕೇಳುಸ್ತಾ?

ಅಷ್ಟರಲ್ಲೇ ಹಿತ್ತಿಲಿನಲ್ಲಿ ಗದ್ದಲವಾಯಿತು. ಹಬ್ಬವಿಲ್ಲದ ದಿನ, ಗುರುಮಲ್ಲಪ್ಪನವರ ಮನೆಯ ಹಿಂದೆ ತಮಟೆ ಬಡಿಯುತ್ತಿದೆ ಎಂದರೆ ಊರಿನವರು ಏನು ತಿಳಿಯಬೇಕೋ ಅದನ್ನೇ ತಿಳಿದಿದ್ದರು. ತಾತನಿಗೆ ಎಂಬತ್ತು ದಾಟಿದೆ, ವಾರದಿಂದ ಕೆಮ್ಮು ಬೇರೆ. ಹಿಂದಿನ ಬೀದಿಯ ಸುಂದ್ರಮ್ಮ ಮಡಿಲಲ್ಲಿ ಸೇವಂತಿಗೆ ಹಾರ ಇಟ್ಟುಕೊಂಡು, ಹಿಂದೆ ನಾಲ್ಕಾರು ಹೆಂಗಸರನ್ನು ಕಟ್ಟಿಕೊಂಡು, ನಾನು ತಡೆಯುವ ಮುಂಚೆಯೇ ಬ್ಯಾರನ್ನಿನ ಬಾಗಿಲು ನೂಕಿ ಒಳಗೆ ನುಗ್ಗಿ ಎದೆ ಬಡಿದುಕೊಂಡರು.

"ಅಯ್ಯೋ ಗುರುಮಲ್ಲಣ್ಣಾ! ಏಳ್ದೆ ಕೇಳ್ದೆ ಒಂಟೋದ್ಯಲ್ಲಣ್ಣಾ!"

ತಮಟೆ ನಿಂತಿತು. ಕೈಯಲ್ಲಿ ಕಾಫಿ ಲೋಟ ಹಿಡಿದು ತಾತ ಅವರ ಬೆನ್ನ ಹಿಂದೆಯೇ ಬಂದರು. "ಎಲ್ಲಿಗೋದ್ನಮ್ಮಿ? ಇಲ್ಲೇ ಇವ್ನಲ್ಲ."

ಸುಂದ್ರಮ್ಮ ತಿರುಗಿ ನೋಡಿ, ಅಳುವುದನ್ನು ಬಿಟ್ಟು ರೇಗಿದರು. "ಇದ್ದೀಯಾ? ಬದ್ಕಿರೋನು ಯಾಕಣ್ಣ ತಮಟೆ ಬಡುಸ್ತೀಯ? ಈ ಊವ ಏನ್ ಮಾಡ್ಲೀಗ?"

"ಇತ್ತ ತಾ, ನಾನೇ ಆಕ್ಕತೀನಿ. ಆಮೇಕೆ ಆದ್ರೆ ವಾಸ್ನೆ ಗೊತ್ತಾಗಕಿಲ್ಲ" ಎಂದು ತಾತ ಹಾರ ಇಸಿದುಕೊಂಡು ಕೊರಳಿಗೆ ಹಾಕಿಕೊಂಡರು. ಹೆಂಗಸರು ಬಿದ್ದು ಬಿದ್ದು ನಕ್ಕರು, ಸುನೀಲ್‌ಕುಮಾರನೂ ನಕ್ಕ, ಬಾಗಿಲ ಹಿಂದೆ ನಾನೂ ನಕ್ಕೆ. ಸಂಘಮಿತ್ರಕ್ಕ ಒಬ್ಬಳೇ ನಗಲಿಲ್ಲ. ಗಳುವಿನಿಂದ ಕೋಟನ್ನು ತೆಗೆದು ಹಾಕಿಕೊಂಡು, ಆ ಬೆಂಕಿಯಂಥ ಸೆಕೆಯಲ್ಲಿ, ಕತ್ತಿನವರೆಗೂ ಗುಂಡಿ ಹಾಕಿದಳು.

ಆ ಕೂಗು ಮೈಕಿಗೆ ಬಿದ್ದಿತ್ತು. ಕಿರಣ್‌ಕುಮಾರ್ ಅದನ್ನು ಕತ್ತರಿಸಬೇಕೆಂದ. ಅವಳು ಬೇಡ ಎಂದಳು. ತೆಗೆದರೆ ಸುಳ್ಳಾಗುತ್ತದೆ, ತಮಟೆ ಬಡಿದರೆ ಈ ಸೀಮೆಯಲ್ಲಿ ಏನಾಗುತ್ತದೋ ಅದೇ ಆಗಿದೆ ಎಂದಳು. ಹೀಗಾಗಿ ಆಲ್ಬಮ್ಮಿನ ಮೂರನೆಯ ಹಾಡು ಸುಂದ್ರಮ್ಮನವರ ಗೋಳಿನಿಂದಲೇ ಮುಗಿಯುತ್ತದೆ. ಆಲ್ಬಮ್ಮಿಗೆ ಇಟ್ಟ ಹೆಸರು 'ಕಾವು'.

'ಕಾವು' ದಸರಾ ಹೊತ್ತಿಗೆ ಇಂಟರ್ನೆಟ್ಟಿಗೆ ಹೋಯಿತು. ಪಿರಿಯಾಪಟ್ಟಣದ ಆರ್ಕೆಸ್ಟ್ರಾದವರು ಕೇಳಿ, ಹಳೇ ಕ್ಯಾಸೆಟ್ಟು ಸುತ್ತಾಕಿಕೊಂಡ ಹಾಗಿದೆ ಎಂದು ಸುನೀಲ್‌ಕುಮಾರನನ್ನು ಛೇಡಿಸಿದರು. ಗಾವಡಗೆರೆಯ ಕ್ಷೌರದ ಅಂಗಡಿಯಲ್ಲಿ ಅದನ್ನು ಹಾಕಿದಾಗ ಗಿರಾಕಿಯೊಬ್ಬ ಅರ್ಧ ಗಡ್ಡದಲ್ಲಿ ಎದ್ದು ಬಾಗಿಲಿಗೆ ಹೋಗಿ, ಹೆಣ ಯಾವ ಕಡೆಯಿಂದ ಬರುತ್ತಿದೆ ಎಂದು ನೋಡಿದನಂತೆ. ಕೋಟು ಮಾರಿದ ಟಿಬೆಟಿನ ಅಮ್ಮ ಫೋನಿನಲ್ಲಿ ಪೂರ್ತಿ ಕೇಳಿ, "ಚೆನ್ನಾಗಿದೆ, ನಿದ್ದೆ ಬರುತ್ತೆ" ಎಂದರು. ಸಂಘಮಿತ್ರಕ್ಕನಿಗೆ ಅದು ಖುಷಿ ಕೊಟ್ಟಿತು. ಆದರೆ ಆ ಅಮ್ಮನಿಗೆ ತಮಟೆಯೇ ಗೊತ್ತಿಲ್ಲ, ಅದು ಲೆಕ್ಕಕ್ಕೆ ಬರುವುದಿಲ್ಲ ಎಂದಳು.

ಆಮೇಲೆ ಬೆಂಗಳೂರಿನ ವಿಮರ್ಶಕರೊಬ್ಬರು ಇಂಗ್ಲಿಷಿನಲ್ಲಿ ಉದ್ದನೆಯ ಲೇಖನ ಬರೆದರು. ಅದರಿಂದ ಊರೂರಿನ ಹುಡುಗರು 'ಕಾವು' ಹುಡುಕಿ ಕೇಳತೊಡಗಿದರು. ಶ್ರುತಿ ಕದಲುವುದನ್ನು ವಿಮರ್ಶಕರು ಮಹಾ ಸಾಹಸವೆಂದು ಹೊಗಳಿದ್ದರು. ಸಂಘಮಿತ್ರಕ್ಕ ಲೇಖನವನ್ನು ಮೊಬೈಲಿನಲ್ಲಿ ತಂದು, ಒಲೆಯ ಬಾಯಿಯ ಪಕ್ಕ ಕೂತು, ಒಂದೊಂದೇ ಸಾಲನ್ನು ಕನ್ನಡದಲ್ಲಿ ನನಗೆ ಹೇಳಿದಳು: ಇದೊಂದು ಶೋಕಗೀತೆ; ಸಾಯುತ್ತಿರುವ ಹಳ್ಳಿಯೊಂದರ ಅಂತ್ಯಯಾತ್ರೆ; ಕೇಳಿ ಮುಗಿಸಿದಾಗ, ಇಲ್ಲಿ ತೀರಿಹೋದದ್ದು ಯಾರು ಎಂಬ ಪ್ರಶ್ನೆ ನಮ್ಮೊಳಗೆ ಉಳಿಯುತ್ತದೆ. ಅಲ್ಲಿಗೆ ನಿಲ್ಲಿಸಿದಳು.

"ಇವ್ರೂ ಅದ್ನೇ ಕೇಳವ್ರೆ ಕಣೇ. ಯಾರು ಸತ್ರು ಅಂತ."

"ಆ ಗೋಳ್ನ ಇಟ್ಕಂಡೋಳು ನೀನೇ ಅಲ್ವೇನಕ್ಕ" ಎಂದ ಅವಳ ಜೊತೆ ಬಂದಿದ್ದ ಸುನೀಲ್‌ಕುಮಾರ್. ಅವನು ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಅವಳು ಆ ದಿನ ಹೊರಡುವಾಗ ನಮ್ಮ ಗೇಟನ್ನು ತಟ್ಟದೆಯೇ ತೆರೆದುಕೊಂಡು ಹೋದಳು. ಆಮೇಲೆ ಬಹಳ ದಿನ ಅವಳ ಬೆರಳು ಸುಮ್ಮನಿತ್ತು. ಅಂಗಡಿಯಲ್ಲೂ ಹಾಗೆಯೇ ಎಂದು ಸಿದ್ದಮಲ್ಲಪ್ಪನವರು ನಮ್ಮ ತಾತನಿಗೆ ಫೋನು ಮಾಡಿ ವಿಚಾರಿಸಿದರು, ಹುಡುಗಿಗೆ ಮೈಯಲ್ಲಿ ಹುಷಾರಿಲ್ಲವೇ ಎಂದು.

ಈ ವರ್ಷ ಸೊಪ್ಪು ಮುರಿಯುವ ಕಾಲ ಹತ್ತಿರವಾಯಿತು. ಹೋದ ಸಲದ ಸೊಪ್ಪು ಇಳಿದ ಮೇಲೆ ತಂಡದವರು ಮತ್ತೆ ತಂದು ಬ್ಯಾರನ್ನಿನಲ್ಲಿಟ್ಟಿದ್ದ ಸ್ಪೀಕರು, ವೈರುಗಳನ್ನು ತೆಗೆಯಬೇಕಿತ್ತು. ತಾತ ಪಟ್ಟು ಹಿಡಿದರು: "ನನ್ ಸಾವಿನ್ ಹಾಡ್ನ ಊರೋರೆಲ್ಲ ಕೇಳವ್ರೆ, ನಂಗೇ ಕೇಳ್ಸಿಲ್ಲ. ಕೇಳ್ಸಿ ಆಮೇಕೆ ಕಳಚ್ಕಳಿ." ಹಾಗಾಗಿ ಒಂದು ಭಾನುವಾರ ಮಧ್ಯಾಹ್ನ, ಸಣ್ಣ ಮಳೆಯಲ್ಲಿ, ತಾತ, ಸುಂದ್ರಮ್ಮ, ಅಮ್ಮ, ತಂಡದ ಮೂವರು, ಎಲ್ಲರೂ ಸೇರಿದರು. ನಾನು ಎಂದಿನ ಹಾಗೆ ಒಲೆಯ ಬಾಯಿಯ ಹತ್ತಿರ ಕೂತೆ. ಬೆಂಕಿ ಇರಲಿಲ್ಲ.

ಎರಡನೆಯ ಹಾಡು ಶುರುವಾದಾಗ ಗೇಟಿನಲ್ಲಿ ಒಬ್ಬರು ನಿಂತಿದ್ದು ಕಂಡಿತು. ನೀಳ ದೇಹ, ತಲೆಯ ಮೇಲೆ ಟವೆಲು, ಕೈಯಲ್ಲಿ ಮಡಿಸಿದ ಕೊಡೆ; ಮಳೆಯಿದ್ದರೂ ಬಿಚ್ಚಿರಲಿಲ್ಲ. ಹಿಮ್ಮಡಿ ಊರದೆ ನಡೆದು ಬಂದರು. ಆ ನಡಿಗೆಯಿಂದಲೇ ಯಾರೆಂದು ನನಗೆ ತಿಳಿಯಿತು. ಬಾಗಿಲಲ್ಲಿದ್ದ ಸಂಘಮಿತ್ರಕ್ಕನ ಮುಖದ ಬಣ್ಣ ಇಳಿಯಿತು.

"ತಾತ..."

"ಬಸ್ನಲ್ಲಿ ಒಬ್ಬ ಮೊಬೈಲ್ ತೋರುಸ್ದ" ಎಂದರು ಅಂಕಯ್ಯ. "ನಿನ್ ಮೊಮ್ಮಗ್ಳು ಸಾವಿನ್ ತಮಟೆ ಬಡ್ದು ಎಸ್ರು ತಕ್ಕಂಡವ್ಳೆ ಅಂದ. ಪಾತ್ರೆ ಅಂಗ್ಡೀಲಿ ಕೇಳುದ್ರೆ ಇಲ್ಲವ್ಳೆ ಅಂದ್ರು, ಏನ್ ಅಂತ ನೋಡಾನ ಅಂತ ಬಂದೆ."

ಅವಳು ಕಿರಣ್‌ಕುಮಾರನಿಗೆ ನಿಲ್ಲಿಸು ಎಂದು ಕೈ ಎತ್ತಿದಳು. ಅಂಕಯ್ಯ ಬೇಡವೆಂದು ತಲೆಯಾಡಿಸಿದರು. ನಮ್ಮ ತಾತ ಎದ್ದು ಬಂದು, "ಮಳೇಲಿ ನಿಂತಿದ್ದೀರಲ್ಲ, ಒಳೀಕ್ ಬನ್ನಿ" ಎಂದರು. ತಾತ ಕೆಳಗಿನ ಕೇರಿಯವರಿಗೆ 'ಬನ್ನಿ' ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಂಕಯ್ಯ ಇಲ್ಲೇ ಇರುತ್ತೇನೆ ಎಂದು ಒಲೆಯ ಬಾಯಿಗೆ ಬಂದು, ನನ್ನ ಪಕ್ಕ, ಸೂರಿನ ಕೆಳಗೆ ನಿಂತರು.

ಮೂರನೆಯ ಹಾಡು ಬಂತು. ಗೋಡೆಯೊಳಗಿಂದ ತಮಟೆ ಏರತೊಡಗಿತು, ಗಿಟಾರು ಇಳಿಯತೊಡಗಿತು. ಅಂಕಯ್ಯನವರ ಕೈ, ಅವರಿಗೆ ಗೊತ್ತಿಲ್ಲದೆಯೇ ಇರಬೇಕು, ತಣ್ಣಗಿದ್ದ ಒಲೆಯ ಕಡೆ ಚಾಚಿತು. ಇಲ್ಲದ ಬೆಂಕಿಗೆ ಏನನ್ನೋ ಹಿಡಿದು ಮೆಲ್ಲಗೆ ತಿರುಗಿಸುವ ಹಾಗೆ ಬೆರಳು ಆಡಿದವು. ದನಿಗಳು ಕೂಡಿದವು, ಅಗಲಿದವು. ಸುಂದ್ರಮ್ಮನ ಗೋಳು ಎದ್ದು, ಮುಗಿದು, ಎಲ್ಲ ಮೌನವಾಯಿತು. ಸಂಘಮಿತ್ರಕ್ಕ ಎರಡೂ ಕೈಗಳನ್ನು ಕೋಟಿನ ತೋಳಿನೊಳಗೆ ಎಳೆದುಕೊಂಡು ನಿಂತಿದ್ದಳು.

"ಯಾರವ್ವ," ಎಂದರು ಅಂಕಯ್ಯ.

ಅವಳು ಕಣ್ಣು ಮುಚ್ಚಿದಳು.

"ಯಾರವ್ವ ಇದ್ನ ಕಾಯ್ಸಿದ್ದು?"

"ನಾನು" ಎಂದೆ. ನನ್ನ ದನಿ ನನಗೇ ಕೇಳಿಸಿತು.

ಅವರು ಬಗ್ಗಿ ನನ್ನನ್ನು ನೋಡಿದರು. "ವಸಿ ಜಾಸ್ತಿ ಕಾಯ್ಸ್ಬುಟ್ಟಿದ್ದೀಯ ಮಗ. ಕೊನೇಲಿ ಚರ್ಮ ಅರುಚ್ಕತದೆ. ಕೋಟೆ ಕಡೆ ಬಾ, ಹುಲ್ಲಲ್ಲಿ ಯಂಗೆ ಅಂತ ತೋರುಸ್ತೀನಿ." ಆಮೇಲೆ ಬಾಗಿಲ ಕಡೆ ತಿರುಗಿ, "ಇನ್ನೊಂದ್ಸಲ ಹಾಕ್ಸು" ಎಂದರು. ಕೊಡೆಯನ್ನು ಗೋಡೆಗೆ ಒರಗಿಸಿದರು.

ಸಂಘಮಿತ್ರಕ್ಕ ಅಳಲಿಲ್ಲ. ತೋಳಿನೊಳಗಿಂದ ಒಂದು ಕೈ ಹೊರಗೆ ತೆಗೆದು, ಬ್ಯಾರನ್ನಿನ ಬಾಗಿಲನ್ನು ಬೆರಳ ಗಂಟಿನಿಂದ ಒಮ್ಮೆ ತಟ್ಟಿ, ತಲೆ ವಾಲಿಸಿ ಕೇಳಿಸಿಕೊಂಡು, ಒಳಗೆ ಹೋದಳು.

ಜಗತ್ತನ್ನು ಬಡಿದು ನೋಡುವವರು ಕೆಲವರಿರುತ್ತಾರೆ. ನಾವೆಲ್ಲ ವಸ್ತುಗಳನ್ನು ಕಣ್ಣಲ್ಲಿ ನೋಡಿ, ಹೆಸರು ಹೇಳಿ, ದಾಟಿಹೋಗುತ್ತೇವೆ. ಅವರು ಒಂದೊಂದರ ಮುಂದೆಯೂ ನಿಂತು, ನಿನ್ನೊಳಗೆ ಇನ್ನೇನಿದೆ ಎಂದು ವಿಚಾರಿಸುತ್ತಾರೆ. ಅಂಥವರಿಗೆ ಹೊಗಳಿಕೆ ಸಿಕ್ಕರೂ ಹಸಿವು ಇಂಗುವುದಿಲ್ಲ. ತಾವು ಎಲ್ಲರನ್ನೂ ಕೇಳುವ ಪ್ರಶ್ನೆಯನ್ನು ಯಾರಾದರೂ ಒಮ್ಮೆ ತಮ್ಮನ್ನೂ ಸರಿಯಾಗಿ ಕೇಳಲಿ ಎಂದು ಕಾಯುತ್ತಾ ಅವರು ಕೋಟಿನ ಗುಂಡಿ ಹಾಕಿಕೊಂಡು ಮಳೆಯಲ್ಲೂ ಬಿಸಿಲಲ್ಲೂ ಓಡಾಡುತ್ತಾರೆ.

ನಾಳೆ ಬ್ಯಾರನ್ನಿಗೆ ಈ ವರ್ಷದ ಮೊದಲ ಸೊಪ್ಪು ಏರುತ್ತದೆ. ಅದು ಹದವಾಗಿ ಇಳಿಯುವವರೆಗೆ ನಾನು ಬೆಂಕಿ ನೋಡಿಕೊಳ್ಳುತ್ತೇನೆ. ಇಳಿದ ಮಾರನೆಯ ದಿನ ಅಂತರಸಂತೆಯ ಬಸ್ಸು ಹತ್ತಿ ಅಂಕಯ್ಯನವರ ಮನೆಗೆ ಹೋಗಿ, ಹುಲ್ಲಿನ ಬೆಂಕಿಯಲ್ಲಿ ತಮಟೆ ಕಾಯಿಸುವುದನ್ನು ಕಲಿಯುತ್ತೇನೆ.